ಮಾಡ್ರಿನ್ ಮನೆತನದ ಲವ್ ಜೋನ್ಸ್-ಪ್ಯಾರಿ

ಕೆಲವು ವರ್ಷಗಳ ಹಿಂದೆ ಭೂಗೋಳದ ಪಾಠವೊಂದರಲ್ಲಿ ದಕ್ಷಿಣ ಅಮೆರಿಕದ ನಕ್ಷೆಯನ್ನು ಗೋಡೆಗೆ ತೂಗುಹಾಕಿ, "ಈ ಅರ್ಜೆಂಟೀನಾ ದೇಶದ ಊರುಗಳ ಹೆಸರೆಲ್ಲ ಸ್ಪ್ಯಾನಿಷ್ ಭಾಷೆಯವು" ಎಂದು ನಾನು ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ಬಂದು ನಕ್ಷೆಯ ತಳಭಾಗದಲ್ಲಿ ಬೆರಳಿಟ್ಟು, "ಗುರುಗಳೇ, ಟ್ರೆಲ್ಯೂ ಎಂದರೇನು? ಪುಯೆರ್ತೊ ಮಾಡ್ರಿನ್ ಎಂಬಲ್ಲಿ ಪುಯೆರ್ತೊ ಎಂದರೆ ಬಂದರು ಎಂದಿರಿ, ಮಾಡ್ರಿನ್ ಎಂದರೆ ಏನು?" ಎಂದು ಕೇಳಿದನು. ಉತ್ತರ ನನ್ನಲ್ಲಿ ಇರಲಿಲ್ಲ. ನಾಳೆ ಹೇಳುತ್ತೇನೆಂದು ಜಾರಿಕೊಂಡೆನು. ಆ ನಾಳೆ ಬರುವುದಕ್ಕೆ ಒಂದು ಬೇಸಿಗೆಯ ರಜೆಯೇ ಬೇಕಾಯಿತು. ಅಷ್ಟರಲ್ಲಿ ಆ ಹುಡುಗನು ಮುಂದಿನ ತರಗತಿಗೆ ಹೋಗಿದ್ದನು. ಅವನಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ಈ ಸಂಚಿಕೆಯಲ್ಲಿ ಸಲ್ಲಿಸುತ್ತಿದ್ದೇನೆ.

ಮಾಡ್ರಿನ್ ಎಂಬುದು ಒಂದು ಮನೆಯ ಹೆಸರು. ಆ ಮನೆ ಇದ್ದದ್ದು ಅಮೆರಿಕದಲ್ಲಲ್ಲ. ಇಂಗ್ಲೆಂಡಿನ ಪಶ್ಚಿಮಕ್ಕಿರುವ ವೇಲ್ಸ್ ಎಂಬ ಪುಟ್ಟ ನಾಡಿನ ವಾಯವ್ಯದ ಅಂಚಿನಲ್ಲಿ, ಸಮುದ್ರದೊಳಕ್ಕೆ ತೋಳಿನಂತೆ ಚಾಚಿರುವ ಲೀನ್ ಎಂಬ ಪರ್ಯಾಯದ್ವೀಪದಲ್ಲಿ, ಗಾರ್ನ್ ವಾಡ್ರಿನ್ ಎಂಬ ಗುಡ್ಡದ ಸೆರಗಿನಲ್ಲಿ. ಆ ಮನೆಯ ಒಡೆಯನಾಗಿದ್ದವನು ಥಾಮಸ್ ಲವ್ ಡಂಕೂಂಬ್ ಜೋನ್ಸ್-ಪ್ಯಾರಿ. ವೇಲ್ಸಿನ ಇತಿಹಾಸಗ್ರಂಥಗಳಲ್ಲಿ ಈತನಿಗೆ ದೊರೆಯುವ ಸ್ಥಳ ನಾಲ್ಕಾರು ಸಾಲುಗಳಿಗಿಂತ ಹೆಚ್ಚಲ್ಲ. ಈತ ಮಂತ್ರಿಯಾಗಲಿಲ್ಲ, ಕಾನೂನನ್ನು ರಚಿಸಲಿಲ್ಲ, ಪಕ್ಷವನ್ನು ಕಟ್ಟಲಿಲ್ಲ. ಆದರೂ ಎರಡು ಸಂದರ್ಭಗಳಲ್ಲಿ ನೂರಾರು ಜನರ ಬಾಳು ಈತನ ಹೆಸರಿನೊಡನೆ ಹೆಣೆದುಕೊಂಡಿತು. ಆ ಎರಡು ಸಂದರ್ಭಗಳಲ್ಲಿಯೂ ಕೀರ್ತಿ ಒಬ್ಬರಿಗೆ ಬಂದು, ಬೆಲೆಯನ್ನು ತೆತ್ತವರು ಬೇರೆಯವರಾದರು. ಈ ಲೇಖನವನ್ನು ಬರೆಯಲು ನನ್ನನ್ನು ಪ್ರೇರಿಸಿದ್ದು ಆ ಸಂಗತಿಯೇ.

ಅಂದಿನ ವೇಲ್ಸಿನ ಸ್ಥಿತಿಯನ್ನು ಸ್ವಲ್ಪ ಅರಿಯದೆ ಈತನ ಕಥೆ ತಿಳಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿ ಭೂಮಿಯನ್ನು ಹೊಂದಿದ್ದವರು ಬೆರಳೆಣಿಕೆಯ ಮನೆತನಗಳು. ಉಳುತ್ತಿದ್ದವರು ಗೇಣಿಯ ಒಕ್ಕಲುಗಳು. ಒಡೆಯರು ಬಹುಮಟ್ಟಿಗೆ ಇಂಗ್ಲಿಷ್ ಆಡುವವರು, ಸರಕಾರಿ ಆಂಗ್ಲಿಕನ್ ಚರ್ಚಿಗೆ ಸೇರಿದವರು. ಒಕ್ಕಲುಗಳು ವೆಲ್ಷ್ ಭಾಷೆಯವರು, ಆ ಚರ್ಚನ್ನು ಬಿಟ್ಟು ತಮ್ಮದೇ ಪ್ರಾರ್ಥನಾಮಂದಿರಗಳನ್ನು ಕಟ್ಟಿಕೊಂಡವರು. ಹೀಗೆ ಭೂಮಿ, ಭಾಷೆ, ಧರ್ಮ ಈ ಮೂರೂ ಒಂದೇ ಗೆರೆಯ ಎರಡು ಬದಿಗಳಲ್ಲಿ ಹಂಚಿಹೋಗಿದ್ದವು. 1847ರಲ್ಲಿ ವೇಲ್ಸಿನ ಶಾಲೆಗಳನ್ನು ಪರೀಕ್ಷಿಸಲು ಬಂದ, ವೆಲ್ಷ್ ಅರಿಯದ ಮೂವರು ಅಧಿಕಾರಿಗಳು, ಆ ಜನರ ಹಿಂದುಳಿದಿರುವಿಕೆಗೆ ಅವರ ಭಾಷೆಯೂ ಒಂದು ಕಾರಣವೆಂಬಂತೆ ವರದಿ ಬರೆದರು. ನೀಲಿ ಹೊದಿಕೆಯ ಆ ಸಂಪುಟಗಳನ್ನು ಅಲ್ಲಿಯವರು 'ನೀಲಿ ಪುಸ್ತಕಗಳ ದ್ರೋಹ' ಎಂದೇ ಕರೆಯುತ್ತಾರೆ. ಶಾಲೆಯಲ್ಲಿ ತಾಯಿನುಡಿಯನ್ನು ಆಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೂಗುಹಾಕುವ ಪದ್ಧತಿಯೂ ಹಲವೆಡೆ ಇತ್ತು. ಶಿಕ್ಷಕರಾದ ನಾವು ಈ ಸಂಗತಿಯನ್ನು ಓದುವಾಗ ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲಾರೆವು.

ಜೋನ್ಸ್-ಪ್ಯಾರಿ ಗೆರೆಯ ಮೇಲಿನ ಬದಿಯವನು. ಜನನ 1832ರ ಜನವರಿ 5. ತಂದೆ ಸರ್ ಲವ್ ಪ್ಯಾರಿ ಜೋನ್ಸ್ ಪ್ಯಾರಿ ಸೈನ್ಯದ ದೊಡ್ಡ ಅಧಿಕಾರಿ, ಕೆಲಕಾಲ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದವನು. ಮಗನು ಅಂದಿನ ಸಿರಿವಂತರ ಮಕ್ಕಳಂತೆ ರಗ್ಬಿ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನ ಯೂನಿವರ್ಸಿಟಿ ಕಾಲೇಜಿನಲ್ಲಿಯೂ ಓದಿದನು. 1853ರಲ್ಲಿ ತಂದೆ ತೀರಿಕೊಂಡಾಗ ಇಪ್ಪತ್ತೊಂದರ ತರುಣನ ಕೈಗೆ ಮಾಡ್ರಿನ್ ಜಮೀನು ಬಂದಿತು. ಮರುವರ್ಷವೇ ಕಾರ್ನಾರ್ವನ್ ಷೈರಿನ ಹೈ ಷೆರಿಫ್ ಎಂಬ ಗೌರವಪದವಿಯೂ ಲಭಿಸಿತು. ಇಲ್ಲಿಯವರೆಗೆ ವಿಶೇಷವೇನೂ ಇಲ್ಲ. ಆ ವರ್ಗದ ನೂರು ಜನರ ಬಾಳು ಹೀಗೆಯೇ ಇತ್ತು.

ವಿಶೇಷ ಆರಂಭವಾಗುವುದು ಪಟಗೋನಿಯಾದಿಂದ. ಬಾಲಾ ಎಂಬ ಊರಿನ ಧರ್ಮಶಿಕ್ಷಣ ಕಾಲೇಜಿನ ಪ್ರಾಚಾರ್ಯ ಮೈಕೆಲ್ ಡೇನಿಯಲ್ ಜೋನ್ಸ್ ಯೌವನದಲ್ಲಿ ಅಮೆರಿಕ ಸಂಯುಕ್ತಸಂಸ್ಥಾನಕ್ಕೆ ಹೋಗಿ, ಅಲ್ಲಿಗೆ ವಲಸೆ ಬಂದ ವೇಲ್ಸಿನವರ ಮಕ್ಕಳು ಬೇಗನೆ ತಮ್ಮ ಭಾಷೆಯನ್ನು ಮರೆಯುತ್ತಿದ್ದುದನ್ನು ಕಂಡು ಬಂದಿದ್ದನು. ವಲಸೆಯನ್ನು ತಡೆಯುವುದು ಅಸಾಧ್ಯವಾದರೆ ವಲಸೆಗಾರರೆಲ್ಲ ಒಂದೇ ಕಡೆ, ಇಂಗ್ಲಿಷಿನವರಿಂದ ದೂರದಲ್ಲಿ, ತಮ್ಮ ಭಾಷೆಯಲ್ಲಿಯೇ ಆಡಳಿತ, ಪೂಜೆ, ಶಾಲೆಗಳನ್ನು ನಡೆಸುವಂತಹ ನೆಲೆಯೊಂದು ಬೇಕೆಂಬುದು ಆತನ ಸಂಕಲ್ಪವಾಯಿತು. ಅದಕ್ಕೆ ಆರಿಸಿದ ಸ್ಥಳ ಅರ್ಜೆಂಟೀನಾದ ದಕ್ಷಿಣದ, ಐರೋಪ್ಯರಾರೂ ನೆಲೆಸದಿದ್ದ ಚುಬುಟ್ ನದಿಯ ಕಣಿವೆ. ಆ ತೀರವನ್ನು ಅಳೆದಿದ್ದ ಬ್ರಿಟಿಷ್ ನೌಕಾಧಿಕಾರಿ ಫಿಟ್ಜ್‌ರಾಯ್‌ನ ಗ್ರಂಥದಲ್ಲಿ ಕಣಿವೆಯ ಬಗ್ಗೆ ಒಳ್ಳೆಯ ಮಾತುಗಳಿದ್ದವು. ಅಲ್ಲಿ ಜನರೇ ಇರಲಿಲ್ಲವೆಂದಲ್ಲ; ತೆಹುವೆಲ್ಚೆ ಎಂಬ ಮೂಲನಿವಾಸಿಗಳು ಬೇಟೆಯಾಡುತ್ತ ಆ ಬಯಲನ್ನೆಲ್ಲ ಸಂಚರಿಸುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಪುಸ್ತಕದ ಮಾತನ್ನು ನಂಬಿ ಸಂಸಾರಗಳನ್ನು ಸಾಗಿಸಲಾಗದು, ಯಾರಾದರೂ ಹೋಗಿ ಕಣ್ಣಾರೆ ನೋಡಿ ಬರಬೇಕು. ಹೊರಟವರು ಇಬ್ಬರು. ಒಬ್ಬ ಲೂಯಿಸ್ ಜೋನ್ಸ್ ಎಂಬ ಮುದ್ರಣಕಾರ, ಉತ್ಸಾಹಿ, ಧನವಿಲ್ಲದವನು. ಇನ್ನೊಬ್ಬ ನಮ್ಮ ಜೋನ್ಸ್-ಪ್ಯಾರಿ. ಲೂಯಿಸ್ ಜೋನ್ಸನಿಗಿಲ್ಲದ ಒಂದು ವಸ್ತು ಈತನಲ್ಲಿತ್ತು, ಅದು ಹೆಸರು. ಪರದೇಶದ ಮಂತ್ರಿಯೊಬ್ಬನ ಎದುರು ಕುಳಿತು ಮಾತನಾಡುವಾಗ ದೊಡ್ಡ ಜಮೀನುದಾರನ ಜೊತೆ ಇದ್ದರೆ ಮಾತಿಗೆ ತೂಕ ಬರುತ್ತದೆಂಬುದನ್ನು ಯೋಜನೆಯವರು ಅರಿತಿದ್ದರು. ತನ್ನ ಒಕ್ಕಲುಗಳ ಭಾಷೆಯ ಉಳಿವಿಗಾಗಿ ಒಬ್ಬ ಒಡೆಯನು ಅರ್ಧ ಭೂಗೋಳವನ್ನು ದಾಟಿ ಹೋದನೆಂಬುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಾಗಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

1862ರ ಕೊನೆಯಲ್ಲಿ ಆರಂಭವಾದ ಈ ಪ್ರಯಾಣದಲ್ಲಿ ಇಬ್ಬರೂ ಬ್ಯೂನೊಸ್ ಐರೆಸ್ ನಗರದಲ್ಲಿ ಒಳಾಡಳಿತ ಮಂತ್ರಿ ಗಿಯೆರ್ಮೊ ರಾಸನ್‌ನನ್ನು ಕಂಡರು. ಜನವಿಲ್ಲದ ದಕ್ಷಿಣದ ಮೇಲೆ ತನ್ನ ಹಕ್ಕನ್ನು ಗಟ್ಟಿಮಾಡಿಕೊಳ್ಳಬೇಕೆಂದಿದ್ದ ಅರ್ಜೆಂಟೀನಾಕ್ಕೆ ಯಾರಾದರೂ ಬಂದು ನೆಲೆಸುವುದು ಬೇಕಾಗಿಯೇ ಇತ್ತು. ಅನಂತರ 'ಕ್ಯಾಂಡೆಲೇರಿಯಾ' ಎಂಬ ಸಣ್ಣ ಹಡಗಿನಲ್ಲಿ 1863ರ ಆರಂಭದ ತಿಂಗಳುಗಳಲ್ಲಿ ದಕ್ಷಿಣಕ್ಕೆ ಹೊರಟರು. ಬಿರುಗಾಳಿ ಹಡಗನ್ನು ವಿಶಾಲವಾದ ಕೊಲ್ಲಿಯೊಂದರೊಳಕ್ಕೆ ತಳ್ಳಿತು. ಆಳವಾದ, ಶಾಂತವಾದ ನೀರು. ಹಡಗುಗಳಿಗೆ ಹೇಳಿ ಮಾಡಿಸಿದಂತಹ ತಾಣ. ಅದಕ್ಕೆ 'ಪೋರ್ಥ್ ಮಾಡ್ರಿನ್' ಎಂದು, ಎಂದರೆ ಮಾಡ್ರಿನ್ ಬಂದರು ಎಂದು, ಜೋನ್ಸ್-ಪ್ಯಾರಿಯ ಮನೆಯ ಹೆಸರನ್ನಿಟ್ಟರು. ಚುಬುಟ್ ಕಣಿವೆಯನ್ನೂ ನೋಡಿದರು. ಅದು ದಕ್ಷಿಣಾರ್ಧದ ಬೇಸಿಗೆ. ನದಿಯ ಅಂಚಿನ ಹಸುರು ಕಣ್ಣಿಗೆ ತಂಪಾಗಿಯೇ ಕಂಡಿರಬೇಕು.

ಹಿಂದಿರುಗಿ ಬಂದ ಇವರು ಆ ಭೂಮಿ ವಲಸೆಗೆ ಬಹಳ ಯೋಗ್ಯವಾದುದೆಂದು ಹೇಳಿದರು. ಕೇಳಿದವರ ಮನಸ್ಸಿನಲ್ಲಿ ನಿಂತ ಚಿತ್ರ ವೇಲ್ಸಿನ ತಗ್ಗುಪ್ರದೇಶದಂತಹ ಹಸುರು ಹುಲ್ಲುಗಾವಲಿನದು. ನಿಜವಾದ ನೆಲವೋ! ಮಳೆ ವರ್ಷಕ್ಕೆ ಸುಮಾರು 200 ಮಿಲಿಮೀಟರ್. ಮುಳ್ಳುಗಿಡ, ಜಲ್ಲಿಕಲ್ಲು, ನಿಲ್ಲದ ಗಾಳಿ. ಹೆಸರು ಪಡೆದ ಕೊಲ್ಲಿಯ ದಡದಲ್ಲಿ ಕುಡಿಯಲು ಹರಿಯುವ ಸಿಹಿನೀರಿಲ್ಲ. ನದಿ ಅಲ್ಲಿಂದ ಅರವತ್ತು ಕಿಲೋಮೀಟರಿಗೂ ದೂರ. ಮಾತುಕತೆಯ ಫಲವೂ ಪೂರ್ಣವಾಗಿರಲಿಲ್ಲ. ರಾಸನ್‌ನೊಡನೆ ಆದ ಒಪ್ಪಂದವನ್ನು ಅರ್ಜೆಂಟೀನಾದ ಶಾಸನಸಭೆ 1863ರಲ್ಲಿಯೇ ತಳ್ಳಿಹಾಕಿತು. ಕೊನೆಗೆ ದೊರೆತದ್ದು ಸಾಮಾನ್ಯ ಕಾನೂನಿನಂತೆ ಸಂಸಾರಕ್ಕಿಷ್ಟು ಎಂದು ಭೂಮಿ ಮಾತ್ರ. ಸ್ವತಂತ್ರವಾದ ವೆಲ್ಷ್ ಆಡಳಿತದ ಭರವಸೆಯಲ್ಲ.

1865ರ ಮೇ 28ರಂದು 'ಮಿಮೋಸಾ' ಎಂಬ ಹಳೆಯ ಚಹದ ಹಡಗು ಲಿವರ್‌ಪೂಲಿನಿಂದ ಹೊರಟಿತು. ಅದರಲ್ಲಿದ್ದವರು ಸುಮಾರು 150 ಜನ. ಅನೇಕರು ದಕ್ಷಿಣ ವೇಲ್ಸಿನ ಕಲ್ಲಿದ್ದಲ ಕಣಿವೆಗಳವರು. ಬೇಸಾಯ ಬಲ್ಲವರು ತೀರ ಕಡಿಮೆ. ದಾರಿಯಲ್ಲಿಯೇ ಕೆಲವು ಮಕ್ಕಳು ತೀರಿಕೊಂಡವು. ಜುಲೈ 28ರಂದು, ಅಲ್ಲಿಯ ನಡುಚಳಿಗಾಲದಲ್ಲಿ, ಕೊಲ್ಲಿಯನ್ನು ಮುಟ್ಟಿದರು. ಮುಂದಾಗಿ ಹೋಗಿದ್ದ ಲೂಯಿಸ್ ಜೋನ್ಸ್ ಮತ್ತು ಎಡ್ವಿನ್ ರಾಬರ್ಟ್ಸ್ ಕಟ್ಟಿಸಿದ್ದ ಸಣ್ಣ ಆಸರೆಗಳು, ತೀರದ ಮೆತ್ತನೆಯ ಬಂಡೆಯಲ್ಲಿ ಕೊರೆದ ಗವಿಗಳು, ಇವೇ ಮೊದಲ ಮನೆಗಳು. ಇಳಿದ ದಿನವೇ ಯುವಕನೊಬ್ಬನು ಸುತ್ತಲಿನ ನೆಲವನ್ನು ನೋಡಿ ಬರುತ್ತೇನೆಂದು ದಿಣ್ಣೆಯನ್ನೇರಿ ಹೋದವನು ಹಿಂತಿರುಗಲಿಲ್ಲ. ಅವನ ಎಲುಬುಗಳು ವರ್ಷಗಳ ಮೇಲೆ ದೊರೆತವು. ಗಂಡಸರು ನೀರಿಲ್ಲದ ಬಯಲನ್ನು ನಡೆದು ನದಿಯನ್ನು ಸೇರಿದರು. ಹೆಂಗಸರನ್ನೂ ಮಕ್ಕಳನ್ನೂ ಸಮುದ್ರದ ದಾರಿಯಿಂದ ಸಣ್ಣ ಹಡಗಿನಲ್ಲಿ ಕಳುಹಿಸಲಾಯಿತು. ಎದುರುಗಾಳಿಯಿಂದಾಗಿ ಆ ಅಲ್ಪದೂರದ ಪ್ರಯಾಣವೂ ದಿನಗಟ್ಟಲೆ ಎಳೆಯಿತು. ಮೊದಲ ಬೆಳೆಗಳು ಒಣಗಿದವು. ಸರಕಾರ ಕಳುಹಿಸಿದ ಧಾನ್ಯವೂ ತೆಹುವೆಲ್ಚೆ ಜನ ಕಲಿಸಿದ ಬೇಟೆಯೂ ಇಲ್ಲದಿದ್ದರೆ ಆ ಜನ ಉಳಿಯುತ್ತಿರಲಿಲ್ಲ. ತಮ್ಮನ್ನು ಕೇಳದೆಯೇ ತಮ್ಮ ನೆಲಕ್ಕೆ ಬಂದವರನ್ನು ಅವರು ಬದುಕಿಸಿದರು.

1867ರಲ್ಲಿ ಎಲ್ಲರೂ ಊರು ಬಿಡುವ ಮಾತನ್ನಾಡುತ್ತಿದ್ದ ಸಮಯದಲ್ಲಿ ರೇಚೆಲ್ ಜೆಂಕಿನ್ಸ್ ಎಂಬ ಗೃಹಿಣಿ ನದಿಯ ನೀರಿನ ಮಟ್ಟ ತಮ್ಮ ಹೊಲಕ್ಕಿಂತ ಮೇಲಿರುವುದನ್ನು ಗಮನಿಸಿ, ದಂಡೆಯನ್ನು ಕಡಿದು ಕಾಲುವೆ ಮಾಡಿದರೆ ನೀರು ತಾನಾಗಿ ಹರಿದು ಬರುವುದೆಂದು ಗಂಡನಿಗೆ ಸೂಚಿಸಿದಳೆಂದು ಆ ಜನ ಹೇಳುತ್ತ ಬಂದಿದ್ದಾರೆ. ಆರನ್ ಜೆಂಕಿನ್ಸ್ ತೋಡಿದ ಆ ಕಾಲುವೆಯ ನೀರಿನಲ್ಲಿ ಗೋಧಿ ಬೆಳೆಯಿತು. ಅನಂತರ ಕಣಿವೆಯುದ್ದಕ್ಕೂ ಕಾಲುವೆಗಳಾದವು. 1878ರಲ್ಲಿ ರಿಚರ್ಡ್ ಜೋನ್ಸ್ ಬರ್ವಿನ್ ಎಂಬ ಶಿಕ್ಷಕ, ಮಿಮೋಸಾದಲ್ಲಿ ಬಂದವರಲ್ಲಿ ಒಬ್ಬ, ಮಕ್ಕಳಿಗೆ ವೆಲ್ಷ್ ಓದು ಕಲಿಸುವ ಪಾಠಪುಸ್ತಕವನ್ನು ಅಲ್ಲಿಯೇ ಸಿದ್ಧಗೊಳಿಸಿದನು. ತಾಯ್ನಾಡಿನ ಶಾಲೆಗಳಲ್ಲಿ ಶಿಕ್ಷೆಗೆ ಕಾರಣವಾಗಿದ್ದ ಭಾಷೆ ಮರುಭೂಮಿಯ ಅಂಚಿನ ಶಾಲೆಯಲ್ಲಿ ಪಾಠದ ಭಾಷೆಯಾಯಿತು. ಆ ಹುಡುಗ ಕೇಳಿದ 'ಟ್ರೆಲ್ಯೂ' ಎಂದರೆ ಲೂಯಿಸನ ಊರು. 1886ರಲ್ಲಿ ರೈಲುದಾರಿಯ ಕೆಲಸದೊಡನೆ ಹುಟ್ಟಿದ್ದು.

ಈಗ ಜೋನ್ಸ್-ಪ್ಯಾರಿಯನ್ನು ಹೇಗೆ ಅಳೆಯಬೇಕು? ಆತ ಬೇಕೆಂದೇ ಸುಳ್ಳು ಹೇಳಿದನೆಂದು ನಾನು ಭಾವಿಸುವುದಿಲ್ಲ. ಬಯಸಿದ್ದನ್ನು ಕಾಣುವುದು ಮನುಷ್ಯನ ಕಣ್ಣಿನ ಸ್ವಭಾವ. ಮೊದಲೇ ಹೊಗಳಿದ ಪುಸ್ತಕವನ್ನು ಓದಿ ಹೋದವನ ಕಣ್ಣಿಗಂತೂ ಹೇಳಬೇಕಾಗಿಯೇ ಇಲ್ಲ. ಕಣಿವೆಯ ಮಣ್ಣು ನೀರು ಕಂಡರೆ ಬೆಳೆಯುವ ಮಣ್ಣೇ ಎಂಬುದೂ ಮುಂದೆ ಸಿದ್ಧವಾಯಿತು. ಆದರೆ ನೋಡಿದ್ದು ಅಲ್ಪಕಾಲ, ಹೇಳಿದ್ದು ಬಹಳ. ಒಬ್ಬ ಗಣಿಕಾರ್ಮಿಕ ಮನೆಸಾಮಾನನ್ನು ಮಾರಿ ಹೆಂಡತಿ ಮಕ್ಕಳೊಡನೆ ಹಡಗನ್ನೇರುವಾಗ ಅವನು ನಂಬಿದ್ದು ಭೂಪಟವನ್ನಲ್ಲ. ದೊಡ್ಡ ಮನುಷ್ಯರು ಹೋಗಿ ನೋಡಿ ಬಂದಿದ್ದಾರೆ ಎಂಬ ಮಾತನ್ನು. ತಪ್ಪಿನ ಪಾಲನ್ನು ಹೊತ್ತವನಾದರೂ ಯಾರು? ಲೂಯಿಸ್ ಜೋನ್ಸ್ ಆ ಜನರ ನಡುವೆ ಇದ್ದು ಅವರ ಸಿಟ್ಟನ್ನು ಎದುರಿಸಿದನು, ಒಮ್ಮೆ ಬಿಟ್ಟುಹೋಗಿ ಮತ್ತೆ ಬಂದು ಅಲ್ಲಿಯೇ ಬಾಳಿದನು. ಜೋನ್ಸ್-ಪ್ಯಾರಿ ಅಲ್ಲಿ ನೆಲೆಸಲಿಲ್ಲ. ಆತನ ಬಾಳು ಲೀನ್ ತೀರದಲ್ಲಿ ಮೊದಲಿನಂತೆಯೇ ಸಾಗಿತ್ತು.

ಅಲ್ಲಿ ಆತನಿಗೆ ಎರಡನೆಯ ಸಂದರ್ಭ ಒದಗಿತು. 1867ರ ಸುಧಾರಣಾ ಕಾನೂನಿನಿಂದ ಸಣ್ಣ ಒಕ್ಕಲುಗಳಲ್ಲಿಯೂ ಅನೇಕರಿಗೆ ಮತದಾನದ ಹಕ್ಕು ಬಂದಿತ್ತು. ಮರುವರ್ಷದ ಮಹಾಚುನಾವಣೆಯಲ್ಲಿ ಕಾರ್ನಾರ್ವನ್ ಷೈರಿನ ಒಂದೇ ಸ್ಥಾನಕ್ಕೆ ಜೋನ್ಸ್-ಪ್ಯಾರಿ ಲಿಬರಲ್ ಪಕ್ಷದಿಂದ ನಿಂತನು. ಎದುರಾಳಿ ಜಾರ್ಜ್ ಡಗ್ಲಸ್-ಪೆನಂಟ್, ಪೆನ್ರಿನ್ ಪ್ರಭುವಿನ ಮಗ. ಪೆನ್ರಿನ್ ಮನೆತನವೆಂದರೆ ಸಾಮಾನ್ಯವಲ್ಲ. ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಬಂದ ಸಂಪತ್ತು, ಅದರ ಮೇಲೆ ಬೆಥೆಸ್ಡಾದ ಬೃಹತ್ತಾದ ಸ್ಲೇಟುಕಲ್ಲಿನ ಗಣಿ, ಕೋಟೆಯಂತಹ ಅರಮನೆ. 1841ರಿಂದ ಆ ಸ್ಥಾನ ಮೊದಲು ತಂದೆಯ, ಅನಂತರ ಮಗನ ಕೈಯಲ್ಲಿತ್ತು. ಆ ಮನೆತನವನ್ನು ಅದರ ಜಿಲ್ಲೆಯಲ್ಲಿಯೇ ಸೋಲಿಸಬಹುದೆಂದು ನಂಬಿದವರು ಕಡಿಮೆ. ಜೋನ್ಸ್-ಪ್ಯಾರಿ ಸೋಲಿಸಿದನು. ಆ ವರ್ಷ ವೇಲ್ಸಿನುದ್ದಕ್ಕೂ ಲಿಬರಲರು ಗೆದ್ದರು. ಮರ್ತರ್‌ನಲ್ಲಿ ಹೆನ್ರಿ ರಿಚರ್ಡ್ ಗೆದ್ದದ್ದು ಅವುಗಳಲ್ಲಿ ಹೆಸರಾದದ್ದು. ಗೆದ್ದ ಲಿಬರಲರಲ್ಲಿ ಬಹುಮಂದಿ ಜೋನ್ಸ್-ಪ್ಯಾರಿಯಂತೆ ಭೂಮಾಲೀಕರೇ ಎಂಬುದು ಗಮನಾರ್ಹ. ಜನ ತಮ್ಮವನನ್ನು ಕಳುಹಿಸುವ ಕಾಲ ಇನ್ನೂ ಬಂದಿರಲಿಲ್ಲ. ಒಬ್ಬ ಒಡೆಯನ ಬದಲು ಇನ್ನೊಬ್ಬ ಒಡೆಯನನ್ನು ಆರಿಸುವಷ್ಟು ಧೈರ್ಯ ಬಂದಿತ್ತು.

ಆ ಧೈರ್ಯವೂ ಅಗ್ಗವಾಗಿರಲಿಲ್ಲ. ಅಂದು ಮತದಾನ ಗುಟ್ಟಾಗಿ ನಡೆಯುತ್ತಿರಲಿಲ್ಲ. ಮತದಾರನು ಎಲ್ಲರೆದುರು ಬಂದು ಇಂಥವರಿಗೆ ಎಂದು ಬಾಯಿಬಿಟ್ಟು ಹೇಳಬೇಕು. ಗುಮಾಸ್ತನು ಅದನ್ನು ಬರೆದುಕೊಳ್ಳುವನು. ಒಡೆಯನ ಕಾರಭಾರಿ ಪಕ್ಕದಲ್ಲಿಯೇ ನಿಂತಿರುವನು. ಗೇಣಿಯ ಕರಾರು ವರ್ಷದಿಂದ ವರ್ಷಕ್ಕೆ ನವೀಕರಿಸುವಂತಹುದಾದ್ದರಿಂದ ಕಾರಣ ಹೇಳದೆಯೇ ಬಿಡಿಸಬಹುದಾಗಿತ್ತು. ಚುನಾವಣೆ ಮುಗಿದ ಮೇಲೆ ವೇಲ್ಸಿನ ಹಲವು ಜಿಲ್ಲೆಗಳಲ್ಲಿ ಲಿಬರಲರಿಗೆ ಮತ ಕೊಟ್ಟ ಒಕ್ಕಲುಗಳನ್ನು ಒಕ್ಕಲೆಬ್ಬಿಸಿದರು. ಪೆನ್ರಿನ್ ಗಣಿಯಲ್ಲಿ ಕೆಲಸ ಕಳೆದುಕೊಂಡವರು ಅದಕ್ಕೆ ತಮ್ಮ ಮತವೇ ಕಾರಣವೆಂದರು. ತಲೆಮಾರುಗಳಿಂದ ಉತ್ತ ಹೊಲ, ಸ್ವಂತ ಖರ್ಚಿನಿಂದ ಕಟ್ಟಿದ ಕೊಟ್ಟಿಗೆ, ಎಲ್ಲವನ್ನೂ ಬಿಟ್ಟು ಸಂಸಾರಗಳು ಬೀದಿಗೆ ಬಂದವು. 1869ರಲ್ಲಿ ಹೆನ್ರಿ ರಿಚರ್ಡ್ ಈ ವಿಷಯವನ್ನು ಪಾರ್ಲಿಮೆಂಟಿನ ಮುಂದಿಟ್ಟನು. ನೊಂದವರಿಗಾಗಿ ನಿಧಿ ಸಂಗ್ರಹವಾಯಿತು. ಮೂರು ವರ್ಷಗಳ ಮೇಲೆ, 1872ರಲ್ಲಿ, ಗುಪ್ತ ಮತದಾನದ ಕಾನೂನು ಬಂದಿತು. ಅದಕ್ಕೆ ಕಾರಣವಾದ ಸಂಗತಿಗಳಲ್ಲಿ ವೇಲ್ಸಿನ ಈ ಒಕ್ಕಲುಗಳ ಸಂಕಟವೂ ಒಂದು.

ಗೆದ್ದವನು ಲಂಡನ್ನಿಗೆ ಹೋದನು. ಐರ್ಲೆಂಡಿನಲ್ಲಿ ಆಂಗ್ಲಿಕನ್ ಚರ್ಚಿಗಿದ್ದ ಸರಕಾರಿ ಸ್ಥಾನವನ್ನು ಗ್ಲಾಡ್‌ಸ್ಟನ್ 1869ರಲ್ಲಿ ತೆಗೆದುಹಾಕಿದ್ದು ಆ ಲಿಬರಲ್ ಬಹುಮತದ ಬಲದಿಂದಲೇ. ಜೋನ್ಸ್-ಪ್ಯಾರಿಯ ಹೆಸರಿನಲ್ಲಿ ಸಭೆಯಲ್ಲಿ ನಡೆದ ಮಹತ್ಕಾರ್ಯ ಎಂದು ಹೇಳಲು ಏನೂ ಇಲ್ಲ. 1874ರಲ್ಲಿ ಗುಪ್ತ ಮತದಾನದ ಮೊದಲ ಮಹಾಚುನಾವಣೆ ನಡೆದಾಗ ಅದೇ ಡಗ್ಲಸ್-ಪೆನಂಟ್ ಈತನನ್ನು ಸೋಲಿಸಿದನು. ಈ ಸೋಲನ್ನು ನಾನು ಬಹಳ ಯೋಚಿಸಿದ್ದೇನೆ. ಮನೆಮಾರು ಹೋದರೂ ಸರಿಯೆಂದು ಎಲ್ಲರೆದುರು ಒಂದು ಹೆಸರನ್ನು ಹೇಳಿದ ಜಿಲ್ಲೆ, ಯಾರ ಭಯವೂ ಇಲ್ಲದೆ ಗುಟ್ಟಾಗಿ ಗುರುತು ಹಾಕುವ ದಿನ ಬಂದಾಗ ಆ ಹೆಸರನ್ನು ಕೈಬಿಟ್ಟಿತು. ಭಯದ ನೆನಪು ಕಾನೂನಿಗಿಂತ ನಿಧಾನವಾಗಿ ಅಳಿಯುತ್ತದೆಯೋ, ಆರು ವರ್ಷಗಳಲ್ಲಿ ಆತನಿಂದ ದೊರೆತದ್ದು ಸಾಲದೆನಿಸಿತೋ. ಎರಡೂ ಇರಬಹುದೆಂದು ನನ್ನ ಊಹೆ.

ಮುಂದಿನ ಕಥೆ ಚಿಕ್ಕದು. 1882ರಲ್ಲಿ ಕಾರ್ನಾರ್ವನ್, ಬ್ಯಾಂಗರ್, ಕಾನ್ವಿ, ಕ್ರಿಕಿಯೆತ್, ನೆವಿನ್, ಪುಲ್ಹೇಲಿ ಎಂಬ ಆರು ಪಟ್ಟಣಗಳು ಕೂಡಿದ ಕ್ಷೇತ್ರದಿಂದ ಮತ್ತೆ ಆಯ್ಕೆಯಾದನು. 1885ರಲ್ಲಿ ಗೆದ್ದು, ಐರಿಷ್ ಸ್ವಯಮಾಡಳಿತದ ಪ್ರಶ್ನೆಯ ಮೇಲೆ ನಡೆದ 1886ರ ಚುನಾವಣೆಯಲ್ಲಿ ಎಡ್ಮಂಡ್ ಸ್ವೆಟನ್‌ಹ್ಯಾಮ್ ಎಂಬ ಕನ್ಸರ್ವೆಟಿವ್ ಅಭ್ಯರ್ಥಿಗೆ ಸೋತನು. ಅದೇ ವರ್ಷ ಬ್ಯಾರನೆಟ್ ಪದವಿ ಬಂದು 'ಸರ್' ಆದನು. 1890ರಲ್ಲಿ ಸ್ವೆಟನ್‌ಹ್ಯಾಮ್ ತೀರಿಕೊಂಡಾಗ ಆ ಕ್ಷೇತ್ರದ ಉಪಚುನಾವಣೆಗೆ ಲಿಬರಲರು ನಿಲ್ಲಿಸಿದ್ದು ಚಮ್ಮಾರನಾಗಿದ್ದ ಸೋದರಮಾವನ ಮನೆಯಲ್ಲಿ ಬೆಳೆದ ಇಪ್ಪತ್ತೇಳರ ವಕೀಲನೊಬ್ಬನನ್ನು. ಎದುರಿಗೆ ನಿಂತವನು ಆ ತರುಣನ ಹಳ್ಳಿಯ ಜಮೀನುದಾರನೇ ಆದ ಎಲಿಸ್ ನ್ಯಾನಿ. ತರುಣ 18 ಮತಗಳಿಂದ ಗೆದ್ದನು. ಆತನೇ ಡೇವಿಡ್ ಲಾಯ್ಡ್ ಜಾರ್ಜ್, ಮುಂದೆ ಬ್ರಿಟನ್ನಿನ ಪ್ರಧಾನಿಯಾದವನು. 1868ರ ಚುನಾವಣೆಯಾದ ಮೇಲೆ ತನ್ನ ಊರಿನ ಸುತ್ತಿನಲ್ಲಿ ಒಕ್ಕಲೆಬ್ಬಿಸಿದ್ದ ಸಂಸಾರಗಳನ್ನು ಆತನು ಭಾಷಣಗಳಲ್ಲಿ ನೆನೆಯುತ್ತಿದ್ದನು. ಆ ಸಂಸಾರಗಳ ಮತದಿಂದ ಗೆದ್ದಿದ್ದ ಜಮೀನುದಾರನು, ಆ ಊರಿನ ಬಾಲಕನು ತನ್ನ ಹಳೆಯ ಸ್ಥಾನದಲ್ಲಿ ಕುಳಿತದ್ದನ್ನು ನೋಡುವಷ್ಟು ಕಾಲ ಬದುಕಿದ್ದನು. 1891ರ ಡಿಸೆಂಬರ್ 18ರಂದು ತೀರಿಕೊಂಡನು. ಮಕ್ಕಳಿರಲಿಲ್ಲ, ಬ್ಯಾರನೆಟ್ ಪದವಿ ಆತನೊಡನೆಯೇ ಮುಗಿಯಿತು.

ಮಾಡ್ರಿನ್ ಮನೆಯೂ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕೆಲಕಾಲ ಅಲ್ಲಿ ರೈತರ ಮಕ್ಕಳಿಗೆ ಬೇಸಾಯ ಕಲಿಸುವ ಶಾಲೆಯೊಂದು ನಡೆಯಿತು. ಅನಂತರ ದೊಡ್ಡ ಕಟ್ಟಡವನ್ನು ಕೆಡವಿದರು. ಹಳೆಯ ಹೆಬ್ಬಾಗಿಲು ನಿಂತಿದೆ. ಸಮುದ್ರದಾಚೆಯ ಮಾಡ್ರಿನ್ ಈಗ ಲಕ್ಷದಷ್ಟು ಜನರಿರುವ ಪಟ್ಟಣ. ಅಲ್ಯೂಮಿನಿಯಂ ಕಾರಖಾನೆ, ಕೊಲ್ಲಿಗೆ ಬರುವ ತಿಮಿಂಗಿಲಗಳನ್ನು ನೋಡಲು ದೇಶವಿದೇಶಗಳಿಂದ ಬರುವ ಯಾತ್ರಿಕರು. ಲೀನ್ ಪರ್ಯಾಯದ್ವೀಪದ ನೆವಿನ್ ಪಟ್ಟಣವೂ ಇದೂ ಸೋದರಪಟ್ಟಣಗಳೆಂದು ಪರಸ್ಪರ ಒಪ್ಪಿಕೊಂಡಿವೆ. ಪ್ರತಿವರ್ಷ ಜುಲೈ 28ರಂದು ಚುಬುಟ್ ನಾಡಿನಲ್ಲಿ ಆ ಇಳಿದ ದಿನವನ್ನು ಆಚರಿಸುತ್ತಾರೆ; ಪ್ರಾರ್ಥನಾಮಂದಿರಗಳಲ್ಲಿ ಚಹ, ರೊಟ್ಟಿ, ಸಿಹಿ ತಿನಿಸುಗಳ ಸಂತರ್ಪಣೆ ನಡೆಯುತ್ತದೆ. ಗವಿಗಳಿದ್ದ ದಡದಲ್ಲಿ ಸಮುದ್ರದ ಕಡೆಗೆ ನೋಡುತ್ತ ನಿಂತಿರುವ ಪ್ರತಿಮೆ ಜೋನ್ಸ್-ಪ್ಯಾರಿಯದಲ್ಲ. ತೆಹುವೆಲ್ಚೆ ಜನಾಂಗದ ಮನುಷ್ಯನೊಬ್ಬನದು.